ಗ್ಯಾರೇಜಿನ ಮದ್ದಿನ ಮನೆ

ಹೊಡೆದ ತೋಟಾದ ಹಿತ್ತಾಳೆ ಹೆಕ್ಕಿ ತಂದು, ಹೊಸ ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಸಿಡಿಬಿಲ್ಲೆ), ಮದ್ದು, ಗುಂಡು ತುಂಬಿ ಮತ್ತೆ ಹೊಡೆಯುವುದು ಅಮೆರಿಕದಲ್ಲಿ ಒಂದೂವರೆ ಶತಮಾನದ ಹವ್ಯಾಸ. ದುಡ್ಡು ಉಳಿಸುತ್ತೇನೆಂದು ಎಲ್ಲರೂ ಶುರು ಮಾಡುತ್ತಾರೆ. ನಿಜಕ್ಕೂ ಉಳಿಯುತ್ತದೆಯೇ? ಒಮ್ಮೆ ಲೆಕ್ಕ ಹಾಕಿಯೇ ಬಿಡೋಣ.

ನವೆಂಬರ್ 15 ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಯಾವ ಹಬ್ಬವೂ ಅಲ್ಲ. ಆದರೂ ಅಂದು ಅಲ್ಲಿನ ಎಷ್ಟೋ ಹಳ್ಳಿಗಾಡಿನ ಶಾಲೆಗಳ ಬಾಗಿಲು ತೆರೆಯುವುದಿಲ್ಲ. ಕೋವಿ ಹಿಡಿದು ಜಿಂಕೆ ಬೇಟೆಗೆ ಇಳಿಯಲು ಅನುಮತಿ ಸಿಗುವ ಮೊದಲ ದಿನ ಅದು. ಮೇಷ್ಟರೂ ಕಾಡಿನಲ್ಲಿ, ಮಕ್ಕಳೂ ಕಾಡಿನಲ್ಲಿ.

ಅದಕ್ಕೆ ವಾರ ಮುಂಚಿನಿಂದಲೇ ಅನೇಕ ಮನೆಗಳ ಗ್ಯಾರೇಜಿನಲ್ಲಿ ತಡರಾತ್ರಿವರೆಗೆ ದೀಪ ಉರಿಯುತ್ತಿರುತ್ತದೆ. ಕಾರು ಹೊರಗೆ ಚಳಿಯಲ್ಲಿ. ಒಳಗೆ ದಪ್ಪ ಹಲಗೆಯ ಮೇಜು, ಅದಕ್ಕೆ ಬೋಲ್ಟ್ ಬಿಗಿದು ಕೂರಿಸಿದ ಎರಕದ ಕಬ್ಬಿಣದ ಪ್ರೆಸ್. ಪಕ್ಕದಲ್ಲಿ ಕಳೆದ ವರ್ಷ ಹೊಡೆದ ತೋಟಾಗಳ ಖಾಲಿ ಕೇಸುಗಳು, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಗಂಟೆಗಟ್ಟಲೆ ಉರುಳಿ ಥಳಥಳ ಹೊಳೆಯುತ್ತಿವೆ.

ಒಂದು ಕೇಸು ಎತ್ತಿಕೊಂಡು ಮೈಗೆ ತೆಳ್ಳಗೆ ಮೇಣ ಸವರಿ ಪ್ರೆಸ್ಸಿನಲ್ಲಿಟ್ಟು ಹಿಡಿ ಎಳೆದರೆ ಅದು ಮೇಲಿನ ಉಕ್ಕಿನ ಅಚ್ಚಿನೊಳಗೆ ಹೋಗುತ್ತದೆ. ಹೊಡೆದಾಗ ಉಬ್ಬಿದ್ದ ಹಿತ್ತಾಳೆ ಹಿಂಡಿಕೊಂಡು ಹಳೆಯ ಅಳತೆಗೆ ಬರುತ್ತದೆ. ಅದೇ ಎಳೆತದಲ್ಲಿ ಸೂಜಿಯೊಂದು ಬುಡದ ಸುಟ್ಟ ಕೇಪನ್ನು ಕೆಳಗೆ ದೂಡುತ್ತದೆ. ಮೇಣ ಸವರುವುದು ಮರೆತರೆ ಕೇಸು ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದು ಡ್ರಿಲ್ಲು ಮತ್ತು ಬೈಗುಳ.

ಆಮೇಲೆ ಹೊಸ ಕೇಪು. ಅದನ್ನು ಯಂತ್ರಕ್ಕಿಂತ ಕೈಯೇ ಚೆನ್ನಾಗಿ ಕೂರಿಸುತ್ತದೆ. ಕೇಸಿನ ಬುಡಕ್ಕಿಂತ ಕೂದಲೆಳೆಯಷ್ಟು ಒಳಗೆ ಹೋಗಿ ನಿಂತಾಗ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಬಳಿಕ ಮದ್ದು. ಇದನ್ನು ತೂಗುವ ತಕ್ಕಡಿ ಚಿನಿವಾರನ ತಕ್ಕಡಿಗಿಂತ ಒರಟಲ್ಲ. ಅಳತೆ ಗ್ರಾಂ ಅಲ್ಲ, ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಐವತ್ತು ಕುಳಿಗಳ ಹಲಗೆಯಲ್ಲಿ ಮದ್ದು ಸುರಿದ ಕೇಸುಗಳನ್ನು ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದರ ಬಾಯೊಳಗೂ ಇಣುಕುತ್ತಾರೆ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು. ಕೊನೆಗೆ ಗುಂಡು ಕೂರಿಸಿ, ಒಟ್ಟು ಉದ್ದವನ್ನು ಕ್ಯಾಲಿಪರ್‌ನಲ್ಲಿ ಇಂಚಿನ ಸಾವಿರದ ಒಂದು ಪಾಲಿನವರೆಗೆ ಅಳೆದರೆ ತೋಟಾ ಸಿದ್ಧ.

ಅಮೆರಿಕದವರು ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಸ್ವಂತಕ್ಕೆ ತುಂಬಿಕೊಳ್ಳಲು ಅಲ್ಲಿ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ತುಂಬಿದ್ದನ್ನು ಮಾರುವ ವ್ಯಾಪಾರಕ್ಕೆ ಇಳಿದರೆ ಮಾತ್ರ ತಯಾರಕನ ಲೈಸೆನ್ಸ್ ಬೇಕು. ಜರ್ಮನಿಯಲ್ಲಿ ಹಾಗಲ್ಲ, ಅಲ್ಲಿ ಸ್ಫೋಟಕ ಕಾಯ್ದೆಯಡಿ ತರಬೇತಿ ಮುಗಿಸಿ ಪರವಾನಗಿ ಪಡೆಯದೆ ಮದ್ದಿನ ಡಬ್ಬಿ ಮುಟ್ಟುವಂತಿಲ್ಲ.

ಹಿತ್ತಾಳೆಯೇ ಬಂಡವಾಳ

ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆ ಕೇಸು, ಕೇಪು, ಮದ್ದು, ಗುಂಡು. ಕುದುರೆ ಎಳೆದ ಕ್ಷಣ ಮೂರು ಕಳೆದುಹೋಗುತ್ತವೆ. ಉಳಿಯುವುದು ಕೇಸು. ರೈಫಲ್ ತೋಟಾದಲ್ಲಿ ಅತಿ ದುಬಾರಿ ಭಾಗವೂ ಅದೇ. ಈ ಹವ್ಯಾಸದ ಅರ್ಥಶಾಸ್ತ್ರವೆಲ್ಲ ನಿಂತಿರುವುದು ಇದೊಂದರ ಮೇಲೆ. ಶೂಟಿಂಗ್ ರೇಂಜಿನಲ್ಲಿ ಬಗ್ಗಿ ಬಗ್ಗಿ ನೆಲ ಹುಡುಕುವವರನ್ನು ಕಂಡರೆ ಅವರು ಗುರಿಕಾರರೋ ಅಲ್ಲವೋ ಹೇಳಲಾಗದು, ರೀಲೋಡರ್‌ಗಳಂತೂ ಹೌದು.

ಈಗ ಲೆಕ್ಕ. ಇತ್ತೀಚಿನ ವರ್ಷಗಳ ಅಮೆರಿಕದ ಅಂಗಡಿ ದರಗಳನ್ನು ದುಂಡಾಗಿಸಿ ಹೇಳುತ್ತೇನೆ. ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಏರಿಳಿತ ಇದ್ದೇ ಇದೆ.

ಮೊದಲು ಪಿಸ್ತೂಲಿನ 9 ಎಂಎಂ. ಒಂದು ತೋಟಾಗೆ ಹೆಚ್ಚುಕಡಿಮೆ 5 ಗ್ರೇನ್ ಮದ್ದು. ಪೌಂಡಿನ ಡಬ್ಬಿಯಲ್ಲಿ ಸಾವಿರಕ್ಕೂ ಮೀರಿ ತೋಟಾ ತುಂಬುತ್ತವೆ. ಮದ್ದಿಗೆ 4 ಸೆಂಟ್, ಕೇಪಿಗೆ 8, ಗುಂಡಿಗೆ 10. ಕೇಸು ನೆಲದಿಂದ ಹೆಕ್ಕಿದ್ದು, ಪುಕ್ಕಟೆ. ಒಟ್ಟು 22 ಸೆಂಟ್. ಅಂಗಡಿಯಲ್ಲಿ ಹೊಚ್ಚಹೊಸ ತೋಟಾ 25 ಸೆಂಟಿಗೆ ಸಿಗುತ್ತದೆ. ಮೂರು ಸೆಂಟಿಗಾಗಿ ಇಷ್ಟೆಲ್ಲ ಎಳೆದಾಟ! ಇದು ನಷ್ಟದ ಬಾಬ್ತೆಂದೇ ನನ್ನ ಎಣಿಕೆ.

ಹನ್ನೆರಡು ಬೋರಿನ ಚರೆ ತೋಟಾದ ಕಥೆಯೂ ಇದೇ. ಇಪ್ಪತ್ತೈದು ಪೌಂಡ್ ಚರೆಯ ಚೀಲದಲ್ಲಿ ತಲಾ ಒಂದು ಔನ್ಸಿನಂತೆ 400 ತೋಟಾ ಆಗುತ್ತವೆ. ಸೀಸದ ಬೆಲೆ ಏರಿದ ಮೇಲೆ ಚರೆಯೊಂದಕ್ಕೇ ತೋಟಾಗೆ ಹದಿಮೂರು ಹದಿನಾಲ್ಕು ಸೆಂಟ್ ಬೀಳುತ್ತದೆ. ಕೇಪು, ಮದ್ದು, ನಡುವಿನ ಪ್ಲಾಸ್ಟಿಕ್ ಬಿರಡೆ ಕೂಡಿಸಿದರೆ ಅಂಗಡಿಯ ಅಗ್ಗದ ತೋಟಾಗೆ ಸರಿಸಮ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಶೂಟರ್‌ಗಳು ಒಂದು ಕಾಲದಲ್ಲಿ ಮನೆಯಲ್ಲೇ ತುಂಬುತ್ತಿದ್ದರು. ಈಗ ಬಹುಪಾಲು ಮಂದಿ ಪೆಟ್ಟಿಗೆ ಪೆಟ್ಟಿಗೆ ಕೊಳ್ಳುತ್ತಾರೆ.

ಲಾಭ ಕಾಣುವುದು ದೂರದ ಗುರಿಯ ರೈಫಲ್ಲಿನಲ್ಲಿ. .308 ವಿಂಚೆಸ್ಟರ್ ತೆಗೆದುಕೊಳ್ಳಿ. ಮದ್ದು ನಲವತ್ತಕ್ಕೂ ಹೆಚ್ಚು ಗ್ರೇನ್ ಬೇಕು. ಪೌಂಡಿಗೆ ಸುಮಾರು 160 ತೋಟಾ. ಡಬ್ಬಿಗೆ 50 ಡಾಲರ್ ಎಂದರೆ ಮದ್ದಿಗೆ 31 ಸೆಂಟ್. ಪಂದ್ಯದ ದರ್ಜೆಯ ಗುಂಡು 45, ಕೇಪು 9. ಡಾಲರ್ ಬೆಲೆಯ ಕೇಸನ್ನು ಎಂಟು ಸಲ ಬಳಸಿದರೆ ಸಲಕ್ಕೆ 12. ಎಲ್ಲ ಸೇರಿ ಒಂದು ಡಾಲರಿಗೆ ಮೂರು ಸೆಂಟ್ ಕಡಿಮೆ. ಅದೇ ದರ್ಜೆಯ ಕಾರ್ಖಾನೆ ತೋಟಾಗೆ ಒಂದೂವರೆಯಿಂದ ಎರಡು ಡಾಲರ್. ತೋಟಾಗೆ ಸರಾಸರಿ 75 ಸೆಂಟ್ ಉಳಿಯಿತು ಎನ್ನೋಣ.

ಆದರೆ ಸಲಕರಣೆಯ ಸಾಲ ಮೊದಲು ತೀರಬೇಕಲ್ಲ. ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್, ಅಚ್ಚು, ತಕ್ಕಡಿ, ಕ್ಯಾಲಿಪರ್, ಕೇಸು ತೊಳೆಯುವ ಯಂತ್ರ ಎಲ್ಲ ಸೇರಿ 500 ಡಾಲರ್ ಆದರೆ, ಅದು ವಾಪಸು ಬರಲು 670 ಈಡಾದರೂ ಹೊಡೆಯಬೇಕು. ವರ್ಷಕ್ಕೊಂದು ಜಿಂಕೆ ಹೊಡೆಯುವವನು ಅಷ್ಟು ತೋಟಾವನ್ನು ಮೊಮ್ಮಗನಿಗೆ ಬಿಟ್ಟುಹೋಗುತ್ತಾನೆ. ವಾರವಾರ ರೇಂಜಿಗೆ ಹೋಗುವವನಿಗೆ ಒಂದು ವರ್ಷ ಸಾಕು. ಹಿಡಿಯ ಪ್ರತಿ ಎಳೆತಕ್ಕೂ ಒಂದು ತೋಟಾ ಉದುರಿಸುವ ಪ್ರೊಗ್ರೆಸಿವ್ ಪ್ರೆಸ್ಸುಗಳ ಬೆಲೆ ಸಾವಿರ ಡಾಲರಿನ ಆಸುಪಾಸು, ಮೇಲಕ್ಕೆ ಮಿತಿಯಿಲ್ಲ.

ಸಮಯದ ಲೆಕ್ಕ ಇದರಲ್ಲಿ ಸೇರಿಲ್ಲ. ಸಾದಾ ಪ್ರೆಸ್ಸಿನಲ್ಲಿ ಗಂಟೆಗೆ ಐವತ್ತರಿಂದ ನೂರು ತೋಟಾ. ಕೂಲಿ ಹಾಕಿದರೆ ಲಾಭವೆಲ್ಲ ಕೊಚ್ಚಿಹೋಯಿತು. ರೀಲೋಡರ್‌ಗಳೇ ನಗುತ್ತ ಒಪ್ಪುವ ಮಾತೊಂದಿದೆ: ಖರ್ಚು ಕಡಿಮೆಯಾಗುವುದಿಲ್ಲ, ಅಷ್ಟೇ ಖರ್ಚಿನಲ್ಲಿ ಹೆಚ್ಚು ಹೊಡೆಯುತ್ತೇವೆ.

ಬಾಕ್ಸ್: ಅದಲುಬದಲಾದ ಕೇಪು

ಕೇಪಿನಲ್ಲಿ ಎರಡು ಜಾತಿ. ಒಂದು, ಇಂಗ್ಲೆಂಡಿನ ವುಲ್ವಿಚ್‌ನ ರಾಯಲ್ ಲ್ಯಾಬೊರೇಟರಿಯಲ್ಲಿದ್ದ ಎಡ್ವರ್ಡ್ ಬಾಕ್ಸರ್‌ನದು. ಇನ್ನೊಂದು, ಅಮೆರಿಕದ ಹೈರಮ್ ಬರ್ಡಾನ್‌ನದು. ಎರಡೂ 1860ರ ದಶಕದ ಕೂಸುಗಳು. ಬಾಕ್ಸರ್ ಕೇಸಿನ ಬುಡದಲ್ಲಿ ನಟ್ಟನಡುವೆ ಒಂದೇ ತೂತು. ಸೂಜಿ ತೂರಿಸಿ ಹಳೆಯ ಕೇಪು ದೂಡುವುದು ಸಲೀಸು. ಬರ್ಡಾನ್‌ನಲ್ಲಿ ಬದಿಗೆ ಎರಡು ಪುಟ್ಟ ತೂತು; ಸೂಜಿಗೆ ದಾರಿಯಿಲ್ಲ. ತಮಾಷೆ ಎಂದರೆ ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ಬೇರೂರಿತು, ಅಮೆರಿಕದವನದು ಯುರೋಪಿನ ಸೈನ್ಯಗಳ ಪಾಲಾಯಿತು. ರೀಲೋಡಿಂಗ್ ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಲು ಈ ಒಂದು ತೂತಿನ ಪಾಲು ದೊಡ್ಡದು.

ಲಾಂಡ್ರಿಯ ಹಿತ್ತಲಿನಿಂದ

ಶುರುವಾದದ್ದು ಹವ್ಯಾಸವಾಗಿ ಅಲ್ಲ. 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಕಾಡೆಮ್ಮೆ (ಬೈಸನ್) ಹಿಂಡುಗಳನ್ನು ಚರ್ಮಕ್ಕಾಗಿ ಕೊಂದು ಕೆಡವುತ್ತಿದ್ದವರಿಗೆ ಹತ್ತಿರದಲ್ಲಿ ಅಂಗಡಿ ಇರಲಿಲ್ಲ. ಸೀಸದ ಗಟ್ಟಿ, ಮದ್ದಿನ ಪೀಪಾಯಿ ಗಾಡಿಯಲ್ಲಿ ಹೇರಿಕೊಂಡು ಹೋಗಿ, ರಾತ್ರಿ ಬೆಂಕಿ ಮುಂದೆ ಗುಂಡು ಎರಕ ಹೊಯ್ದು, ಹಗಲು ಹೊಡೆದ ಕೇಸುಗಳಿಗೇ ಮತ್ತೆ ತುಂಬುತ್ತಿದ್ದರು. ಒಂದು ಪ್ರಾಣಿಕುಲವನ್ನೇ ನಿರ್ನಾಮದ ಅಂಚಿಗೆ ತಂದ ಕೆಲಸಕ್ಕೆ ಈ ಮಿತವ್ಯಯವೂ ಕೈಜೋಡಿಸಿತೆಂಬುದನ್ನು ಹವ್ಯಾಸಿಗಳ ಕೈಪಿಡಿಗಳು ದಪ್ಪಕ್ಷರದಲ್ಲಿ ಹೇಳುವುದಿಲ್ಲ.

1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್‌ನಲ್ಲಿ ‘ಐಡಿಯಲ್’ ಕಂಪನಿ ತೆರೆದು ಇಕ್ಕಳದಂಥ ಕೈ ಉಪಕರಣ ಮಾರತೊಡಗಿದ. ಜೇಬಿನಲ್ಲಿ ಹಿಡಿಸುವ ತೋಟಾ ಕಾರ್ಖಾನೆ ಅದು.

ಇಂದಿನ ಅತಿ ಪರಿಚಿತ ಪ್ರೆಸ್ಸುಗಳಲ್ಲೊಂದರ ವಂಶ ಶುರುವಾಗುವುದು 1943ರಲ್ಲಿ. ಎರಡನೇ ಮಹಾಯುದ್ಧ ನಡೆದಿತ್ತು, ಗುಂಡುಗಳೆಲ್ಲ ರಣರಂಗಕ್ಕೆ ಹೋಗುತ್ತಿದ್ದವು. ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಸಣ್ಣ ಊರಿನಲ್ಲಿ ಫ್ರೆಡ್ ಹಂಟಿಂಗ್‌ಟನ್ ತನ್ನ ಮನೆಯವರ ಲಾಂಡ್ರಿಯ ಹಿಂಭಾಗದಲ್ಲಿ ಒಂದು ಅಚ್ಚು ಮಾಡಿದ. ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದ .22 ತೋಟಾಗಳ ಖಾಲಿ ಕೇಸನ್ನೇ ಗುಂಡಿನ ಮೇಲುಹೊದಿಕೆಯಾಗಿ ಒತ್ತುವ ಅಚ್ಚು. ರಾಕ್‌ಚಕ್ ಎಂಬ ಬೆಟ್ಟದ ದಂಶಕಗಳನ್ನು ಹೊಡೆಯಲು ಬಳಸುತ್ತಿದ್ದ ಗುಂಡು ಅದು. ಹಾಗಾಗಿ ಯಂತ್ರದ ಹೆಸರು ‘ರಾಕ್ ಚಕ್ ಬುಲೆಟ್ ಸ್ವೇಜ್’. ಮೊದಲಕ್ಷರ ಕೂಡಿಸಿದರೆ ಆರ್‌ಸಿಬಿಎಸ್. ಇಂದು ಅಮೆರಿಕದ ಗ್ಯಾರೇಜುಗಳಲ್ಲಿ ಎದ್ದು ಕಾಣುವ ಹಸಿರು ಬಣ್ಣದ ಪ್ರೆಸ್ಸುಗಳ ಮೇಲಿರುವ ಹೆಸರು ಇದೇ.

ಯುದ್ಧ ಮುಗಿಯಿತು. ಸೇನೆಯ ಬಳಿ ಮದ್ದು ಟನ್‌ಗಟ್ಟಲೆ ಮಿಕ್ಕಿತು. ಕನ್ಸಾಸ್‌ನ ಬ್ರೂಸ್ ಹಾಜ್‌ಡನ್ ಜೀವವಿಮೆಯ ಮೇಲೆ ಸಾಲ ಎತ್ತಿ 50,000 ಪೌಂಡ್ ಕೊಂಡ. ಇಡಲು ಜಾಗ? ಹಳೆಯ ರೈಲ್ವೆ ಗೂಡ್ಸ್ ಡಬ್ಬಿಯೊಂದನ್ನು ತಂದು ಬಾಡಿಗೆಯ ಹುಲ್ಲುಗಾವಲಿನಲ್ಲಿ ನಿಲ್ಲಿಸಿದ. ಆ ಸರಕಿನ ಸೇನಾ ಸಂಖ್ಯೆ 4895. ಈಗಲೂ ಅವನ ಕಂಪನಿಯ ಡಬ್ಬಿಗಳ ಮೇಲೆ ಎಚ್4895 ಎಂದಿರುತ್ತದೆ. ಒಳಗಿನ ಮದ್ದು ಮಾತ್ರ ಬರುವುದು ಆಸ್ಟ್ರೇಲಿಯದ ಮುಲ್ವಾಲಾದಿಂದ.

ನಮ್ಮ ಪತ್ರಿಕಾವೃತ್ತಿಗೂ ಈ ಹವ್ಯಾಸಕ್ಕೂ ಒಂದು ನಂಟಿದೆ. ಪತ್ರಿಕೆಗಳು ಆಫ್‌ಸೆಟ್‌ಗೆ ತಿರುಗಿದಾಗ ಲೈನೊಟೈಪ್ ಯಂತ್ರಗಳ ಅಚ್ಚುಲೋಹ ಗುಜರಿಗೆ ಬಂತು. ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ಗಟ್ಟಿಯಾದ ಗುಂಡು ಎರಕಕ್ಕೆ ಹೇಳಿ ಮಾಡಿಸಿದ ಮಿಶ್ರಣ. ಎಷ್ಟು ಸಂಪಾದಕೀಯಗಳು ಹೀಗೆ ಕರಗಿ ಗುರಿಹಲಗೆಗೆ ನಾಟಿದವೋ!

ಬಾಕ್ಸ್: ಮರುತುಂಬುವ ಭಯಕ್ಕೆ ಹುಟ್ಟಿದ ಕೋವಿಗಳು

1907ರಲ್ಲಿ ಬ್ರಿಟಿಷ್ ಸರ್ಕಾರ .450 ಬೋರಿನ ರೈಫಲ್ಲುಗಳನ್ನು ಭಾರತಕ್ಕೆ ತರುವಂತಿಲ್ಲ ಎಂದಿತು. ದಂಗೆಕೋರರ ಕೈಯಲ್ಲಿ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಸಾಕಷ್ಟಿದ್ದವು, ಅವುಗಳ ಗುಂಡಿನ ಅಳತೆಯೂ ಅದೇ. ಸಾಹೇಬರ ಶಿಕಾರಿ ತೋಟಾದಿಂದ ಗುಂಡು ಕಿತ್ತು ತಮ್ಮ ಖಾಲಿ ಕೇಸಿಗೆ ತುಂಬಿಕೊಂಡರೆ? ನಿಷೇಧ ಬಂದದ್ದೇ ಲಂಡನ್ನಿನ ಕೋವಿ ತಯಾರಕರು .465, .470, .475 ಎಂದು ಹೊಸ ಅಳತೆಗಳನ್ನು ಹುಟ್ಟುಹಾಕಿದರು. ಅವುಗಳಲ್ಲಿ .470 ನೈಟ್ರೊ ಎಕ್ಸ್‌ಪ್ರೆಸ್ ಇಂದಿಗೂ ಆಫ್ರಿಕದ ಬೇಟೆಗಾರರ ಹೆಗಲೇರುತ್ತದೆ. ಒಂದೊಂದು ತೋಟಾಗೆ ಹತ್ತು ಡಾಲರಿಗೂ ಮೇಲೆ. ಮನೆಯಲ್ಲಿ ತುಂಬುವವರಿಗೆ ನಿಜವಾದ ಉಳಿತಾಯ ಇಲ್ಲಿದೆ.

ಆ್ಯಂಡರ್ಸನ್‌ನ .405

ತೇಜಸ್ವಿಯವರ ಅನುವಾದಗಳ ಮೂಲಕ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್‌ನನ್ನು ಬಲ್ಲ ಕನ್ನಡಿಗರಿಗೆ ಆತನ .405 ವಿಂಚೆಸ್ಟರ್ ಗೊತ್ತಿರುತ್ತದೆ. ನರಭಕ್ಷಕಗಳ ಬೆನ್ನುಹತ್ತುವಾಗ ಆತನ ಜೊತೆಗಿರುತ್ತಿದ್ದ, 1895ರ ಮಾದರಿಯ ರೈಫಲ್ ಅದು. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ 1909ರಲ್ಲಿ ಆಫ್ರಿಕಕ್ಕೆ ಹೋದ ಥಿಯೊಡರ್ ರೂಸ್‌ವೆಲ್ಟ್ ಕೂಡ ಅದನ್ನೇ ಒಯ್ದಿದ್ದ.

ಕಳೆದ ಶತಮಾನದ ನಡುವಿನಲ್ಲಿ ವಿಂಚೆಸ್ಟರ್ ಕಂಪನಿ .405 ತೋಟಾ ನಿಲ್ಲಿಸಿಬಿಟ್ಟಿತು. ಈ ಶತಮಾನದ ಆರಂಭದಲ್ಲಿ ಹಾರ್ನಡಿ ಕಂಪನಿ ಮತ್ತೆ ತಯಾರಿಸುವವರೆಗೆ ಆ ಹಳೆಯ ರೈಫಲ್ಲುಗಳನ್ನು ಗೋಡೆಯ ಅಲಂಕಾರವಾಗದಂತೆ ಉಳಿಸಿದವರು ರೀಲೋಡರ್‌ಗಳು. ಕಾರ್ಖಾನೆ ಕೈಬಿಟ್ಟ ಇಂಥ ತೋಟಾಗಳು ನೂರಾರಿವೆ. ಅವುಗಳ ವಿಷಯದಲ್ಲಿ ಉಳಿತಾಯದ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ತುಂಬದಿದ್ದರೆ ಕೋವಿ ಇದ್ದೂ ಇಲ್ಲದಂತೆ.

ಇದೇ ಹವ್ಯಾಸದ ಗಟ್ಟಿ ವಾದವೂ ಹೌದು. ಅಂಗಡಿ ಖಾಲಿಯಾದಾಗ ಅದರ ಬೆಲೆ ತಿಳಿಯುತ್ತದೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿಹುಕ್ ಶಾಲೆಯ ಹತ್ಯಾಕಾಂಡದ ನಂತರ ಕಾನೂನು ಬಿಗಿಯಾದೀತೆಂಬ ಭಯಕ್ಕೆ ಅಮೆರಿಕನ್ನರು ತೋಟಾ ಕೊಂಡು ರಾಶಿ ಹಾಕಿದರು, 2013ರಲ್ಲಿ ಸಾದಾ .22 ಕೂಡ ಸಿಗಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಮತ್ತದೇ.

ಆದರೆ ಆ ಸಲ ಈ ವಾದದ ಬಣ್ಣವೂ ಬಯಲಾಯಿತು. ತೋಟಾ ಇಲ್ಲದ ದಿನ ಕೇಪೂ ಇರಲಿಲ್ಲ. ಕೇಪನ್ನು ಗ್ಯಾರೇಜಿನಲ್ಲಿ ಮಾಡಲಾಗದು, ಅದನ್ನು ಮಾಡುವ ದೊಡ್ಡ ಬ್ರ್ಯಾಂಡುಗಳು ಅಮೆರಿಕದಲ್ಲಿ ನಾಲ್ಕೇ. ಕೇಪಿನ ಕೊರತೆ ಬಂದರೆ ಅವು ಮೊದಲು ತಮ್ಮ ತೋಟಾಗೆ ಹಾಕಿಕೊಳ್ಳುತ್ತವೆ, ಮಿಕ್ಕರೆ ಹವ್ಯಾಸಿಗೆ. ಸಾವಿರಕ್ಕೆ ಮೂವತ್ತು ಡಾಲರ್ ಇದ್ದ ಕೇಪು ನೂರು ದಾಟಿತು. ಆ ನಾಲ್ಕರಲ್ಲಿ ಮೂರು ಬ್ರ್ಯಾಂಡುಗಳು 2024ರ ನವೆಂಬರಿನಲ್ಲಿ ಚೆಕ್ ದೇಶದ ಸಿಎಸ್‌ಜಿ ಸಮೂಹದ ಕೈಸೇರಿದವು. ಉಕ್ರೇನ್ ಯುದ್ಧ ಶುರುವಾದ ಮೇಲೆ ಮದ್ದಿನ ಮೂಲವಸ್ತುವಾದ ನೈಟ್ರೊಸೆಲ್ಯುಲೋಸಿಗೂ ಪೈಪೋಟಿ. ಸ್ವಾವಲಂಬನೆಯ ಮಾತಾಡುವವನ ಪ್ರೆಸ್ಸು ಕೊನೆಗೂ ಯಾರದೋ ಕಾರ್ಖಾನೆಯ ಬಾಗಿಲು ಕಾಯುತ್ತದೆ.

ಎರಡು ಸಲ ಸುರಿದರೆ

ಅಪಾಯದ ಮಾತು. ಪಿಸ್ತೂಲಿನ ಕೇಸಿನಲ್ಲಿ ಮದ್ದು ತಳದಲ್ಲಷ್ಟೇ ಇರುತ್ತದೆ. ಫೋನ್ ರಿಂಗಾಗಿ ಗಮನ ತಪ್ಪಿ ಮತ್ತೊಮ್ಮೆ ಸುರಿದರೂ ಹಿಡಿಸಿಬಿಡುತ್ತದೆ. ಹೊಡೆದಾಗ ಕೋವಿ ಕೈಯಲ್ಲೇ ಸಿಡಿಯುತ್ತದೆ. ಸುರಿಯಲು ಮರೆತರೆ ಇನ್ನೊಂದು ಬಗೆ: ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ‘ಪಟ್’ ಎಂಬ ಸಣ್ಣ ಸದ್ದು ಕೇಳಿಯೂ ಮುಂದಿನ ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ಟಾರ್ಚ್ ಹಿಡಿದು ಇಣುಕುವುದು ಅದಕ್ಕೇ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು, ಮಿಕ್ಕದ್ದು ಅದೇ ಡಬ್ಬಿಗೆ ಹೋಗಬೇಕು. ಟೀವಿ ಇಲ್ಲ, ಬಿಯರ್ ಇಲ್ಲ. ಮದ್ದಿನ ಪ್ರಮಾಣ ಗೆಳೆಯ ಹೇಳಿದ್ದಲ್ಲ, ತಯಾರಕರ ಕೈಪಿಡಿಯಲ್ಲಿ ಅಚ್ಚಾದದ್ದು. ಕರಿಮದ್ದಿನ ಕೋವಿಗೆ ಅದೇ ಅಳತೆಯಲ್ಲಿ ಹೊಗೆಯಿಲ್ಲದ ಮದ್ದು ತುಂಬಿದವರ ಕೋವಿಗಳು ಚೂರುಚೂರಾಗಿವೆ, ಬೆರಳುಗಳೂ.

ಕಣ್ಣಿಗೆ ಕಾಣದ ಅಪಾಯ ಸೀಸ. ಸಾಮಾನ್ಯ ಕೇಪಿನಲ್ಲಿ ಲೆಡ್ ಸ್ಟಿಫ್ನೇಟ್ ಇರುತ್ತದೆ. ಹೊಡೆದ ಕೇಸುಗಳನ್ನು ದಿಂಡಿನ ಪುಡಿಯಲ್ಲಿ ಉರುಳಿಸಿದಾಗ ಆ ಸೀಸವೆಲ್ಲ ಧೂಳಾಗುತ್ತದೆ. ಅಡುಗೆಮನೆಯಲ್ಲಿ, ಮಕ್ಕಳು ಓಡಾಡುವಲ್ಲಿ ಈ ಕೆಲಸ ಕೂಡದು. ಇಡುವುದಕ್ಕೂ ಮಿತಿಯಿದೆ: ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್ ಮದ್ದು, 10,000 ಕೇಪು ಎನ್ನುತ್ತದೆ. ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಪ್ರತ್ಯೇಕ. ಅದನ್ನು ಹಂಚಿಕೊಳ್ಳಲು ನಾಲ್ಕಾರು ಗೆಳೆಯರು ಒಟ್ಟಿಗೇ ಆರ್ಡರ್ ಹಾಕುತ್ತಾರೆ.

ನಮ್ಮಲ್ಲಿ?

ಮಲೆನಾಡಿನ, ಕೊಡಗಿನ ಹಿರಿಯರಿಗೆ ಇದೆಲ್ಲ ತೀರಾ ಹೊಸತೆನಿಸದು. ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ ಗಜದಿಂದ ಜಡಿದು, ಚರೆ ಹಾಕಿ ಮತ್ತೆ ಜಡಿಯುತ್ತಿದ್ದ ಕಾಲದಲ್ಲಿ ಪ್ರತಿ ಈಡೂ ಕೈತುಂಬಿನದೇ. ಹೊಗೆಯಿಲ್ಲದ ಮದ್ದೂ ನಮಗೆ ದೂರದ್ದಲ್ಲ. ಕೂನೂರಿನಿಂದ ಊಟಿಗೆ ಪುಟಾಣಿ ರೈಲಿನಲ್ಲಿ ಹೋದವರು ದಾಟುವ ಅರುವಂಕಾಡು ನಿಲ್ದಾಣದ ಪಕ್ಕದಲ್ಲೇ ಶತಮಾನ ದಾಟಿದ ಕಾರ್ಡೈಟ್ ಕಾರ್ಖಾನೆ ಇದೆ.

ಆದರೆ ತೋಟಾ ಮರುತುಂಬುವ ಪ್ರಯೋಗ ಇಲ್ಲಿ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ತೋಟಾ ಮಾತ್ರವಲ್ಲ, ಅದರ ಬಿಡಿಭಾಗ, ತಯಾರಿಸುವ ಯಂತ್ರವೂ ಸೇರುತ್ತದೆ. ಕಾಯ್ದೆಯ 5ನೇ ಸೆಕ್ಷನ್ನಿನಂತೆ ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿಯ ಲೈಸೆನ್ಸ್ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2029ರವರೆಗೆ ನೀಡಿರುವ, ಹೈಕೋರ್ಟು 2021ರಲ್ಲಿ ಎತ್ತಿಹಿಡಿದ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ತೋಟಾ ತಯಾರಿಸಲು ಅಲ್ಲ. ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳಲ್ಲಿ ಬಳಸುವ .22 ತೋಟಾವನ್ನಂತೂ ಮನೆಯಲ್ಲಿ ತುಂಬುವ ಪ್ರಶ್ನೆಯೇ ಬಾರದು. ಅದರ ಸಿಡಿಮದ್ದು ಅಂಚಿನ ಸುತ್ತ ಇರುತ್ತದೆ, ಬದಲಿಸಲು ಕೇಪೇ ಇಲ್ಲ.

ಕೊನೆಗೊಂದು ಮಾತು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಓದುಗರಿಗೆ. ಲಾಸ್ ವೇಗಸ್ಸಿನಂಥ ಊರುಗಳಲ್ಲಿ ಶೂಟಿಂಗ್ ರೇಂಜು ಈಗ ಪ್ರವಾಸದ ಪಟ್ಟಿಯಲ್ಲಿ ಸೇರಿದೆ. ಹೋಗಿ, ಹೊಡೆದು ನೋಡಿ. ಆದರೆ ನೆನಪಿಗೆಂದು ಒಂದು ತೋಟಾ, ಖಾಲಿಯದೂ ಸಹ, ಜೇಬಿಗೆ ಹಾಕಿಕೊಳ್ಳಬೇಡಿ. ವಾಪಸು ಬರುವಾಗ ಅಂದು ಒಯ್ದಿದ್ದ ಬ್ಯಾಗಿನ ಪಕ್ಕದ ಜೇಬುಗಳನ್ನೆಲ್ಲ ತಲೆಕೆಳಗು ಮಾಡಿ ಕೊಡವಿ. ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಒಂದೇ ಒಂದು ಜೀವಂತ ತೋಟಾ ಕಂಡರೂ ಕೇಸು ದಾಖಲಾಗುತ್ತದೆ. ಗೊತ್ತಿದ್ದು ಇಟ್ಟುಕೊಂಡದ್ದಲ್ಲ ಎಂದು ಮನವರಿಕೆಯಾದಾಗ ಹೈಕೋರ್ಟುಗಳು ಅಂಥ ಪ್ರಕರಣಗಳನ್ನು ರದ್ದು ಮಾಡಿದ್ದುಂಟು. ಅಲ್ಲಿಯವರೆಗಿನ ವಕೀಲರ ಫೀಜು ಮಾತ್ರ ನಿಮ್ಮದೇ.